ಸೇತುವೆ ತೆಗೆಯೋಣವೇ

ವಿದೇಶಾಂಗ ಇಲಾಖೆಯ ನೆಲಮಾಳಿಗೆಯಲ್ಲಿ, ಕಾಲು ಮುರಿದ ಕುರ್ಚಿಗಳ ರಾಶಿಗೂ ನೀರಿನ ಪಂಪಿಗೂ ನಡುವೆ ಒಂದು ಕೋಣೆಯಿತ್ತು. ಬಾಗಿಲ ಮೇಲೆ ‘ಆಚೆ ದಡ ವಿಭಾಗ’ ಎಂದು ಬರೆದಿತ್ತು. ವಿಭಾಗವೆಂದರೆ ಒಂದು ಮೇಜು, ಒಂದು ಕಪಾಟು, ಒಬ್ಬ ಅನುವಾದಕ. ಆ ಅನುವಾದಕರನ್ನು ಇಲಾಖೆಯಲ್ಲಿ ಎಲ್ಲರೂ ಪಂಡಿತರು ಎಂದೇ ಕರೆಯುತ್ತಿದ್ದರು. ಬಿರುದು ಬಂದದ್ದು ವಿದ್ಯೆಯಿಂದಲ್ಲ, ಒಂದು ತಪ್ಪು ತಿಳಿವಳಿಕೆಯಿಂದ. ಸಂದರ್ಶನದ ದಿನ ಮೇಲಧಿಕಾರಿಗಳು ಆಚೆ ದಡದ ಭಾಷೆಯನ್ನು ಎಲ್ಲಿ ಕಲಿತಿರಿ ಎಂದು ಕೇಳಿದ್ದರು. ಪಂಡಿತರು ಸತ್ಯವನ್ನೇ ಹೇಳಿದ್ದರು: ಮನೆಯಲ್ಲಿ. ಅಧಿಕಾರಿಗಳು ಅದನ್ನು ತಲೆತಲಾಂತರದಿಂದ ಇಳಿದು ಬಂದ ಪಾಂಡಿತ್ಯವೆಂದು ಬರೆದುಕೊಂಡರು. ನಿಜಕ್ಕೂ ಅದು ಮದುವೆಯಿಂದ ಬಂದದ್ದು. ಹೆಂಡತಿ ಆಚೆ ದಡದವಳು.

ನದಿಯ ಈಚೆಗೆ ಒಂದು ಸರ್ಕಾರ, ಆಚೆಗೆ ಇನ್ನೊಂದು. ಎರಡು ದಡದ ಮಾತಿಗೂ ಅಕ್ಕತಂಗಿಯರ ಮುಖಗಳಿಗಿರುವಷ್ಟೇ ವ್ಯತ್ಯಾಸ. ಆದರೆ ಹದಿನೆಂಟು ವರ್ಷದ ಹಿಂದೆ ಎರಡೂ ಸರ್ಕಾರಗಳಿಗೆ ಜಗಳವಾಯಿತು. ಯಾವ ವಿಷಯಕ್ಕೆ ಎಂಬುದನ್ನು ಈಗ ಕಡತ ಹುಡುಕದೆ ಇಬ್ಬರೂ ಹೇಳಲಾರರು. ಸೇತುವೆಯ ಎರಡೂ ತುದಿಗೆ ಕಬ್ಬಿಣದ ಗೇಟು ಬಿತ್ತು. ಟಪಾಲು ನಿಂತಿತು, ಟೆಲಿಫೋನು ನಿಂತಿತು. ಅಷ್ಟಕ್ಕೇ ಸಾಲದೆ, ಎದುರು ದಡದ್ದು ಪರಭಾಷೆ, ನಮಗೆ ಅರ್ಥವಾಗುವುದಿಲ್ಲ ಎಂದು ಎರಡೂ ಸರ್ಕಾರಗಳು ಕಾನೂನು ಮಾಡಿದವು. ಅರ್ಥವಾಗುವುದಿಲ್ಲ ಎಂದ ಮೇಲೆ ಅನುವಾದಕ ಬೇಕಾದ. ಹೀಗೆ ದೇಶಕ್ಕೆ ಬಂದ ಕಷ್ಟದಿಂದ ಪಂಡಿತರಿಗೆ ನೌಕರಿ ಬಂತು, ಹೆಂಡತಿಗೆ ಅಮ್ಮನ ಮನೆ ತಪ್ಪಿತು.

ಆಕೆ ಮದುವೆಯಾದ ಮರುದಿನ ಇಪ್ಪತ್ತು ನಿಮಿಷ ನಡೆದು ಗಂಡನ ಮನೆಗೆ ಬಂದವಳು. ಸೇತುವೆ ತೆರೆದಿದ್ದ ಆರು ವರ್ಷ, ಸಾಸಿವೆ ಮುಗಿದರೂ ಅಮ್ಮನ ಮನೆಗೆ ಹೋಗಿ ತರುತ್ತಿದ್ದಳಂತೆ. ಈಗ ಮಹಡಿಯ ಮೇಲೆ ನಿಂತರೆ ಅಮ್ಮನ ಮನೆ ಕಾಣುತ್ತಿರಲಿಲ್ಲ. ಅದರ ಪಕ್ಕದ ನೀರಿನ ಟ್ಯಾಂಕಿನ ತುದಿ ಮಾತ್ರ ಕಾಣುತ್ತಿತ್ತು. ದಿನಾ ಸಂಜೆ ಒಣಗಿದ ಬಟ್ಟೆ ತೆಗೆಯಲು ಮೇಲೆ ಹೋದವಳು ಟ್ಯಾಂಕು ನೋಡಿ ಇಳಿದು ಬರುವಳು. ಮಂಜು ಮುಸುಕಿದ ದಿನ, ಬೇರೆಯವರು ಕಾಗದ ಬರಲಿಲ್ಲ ಎನ್ನುವ ಹಾಗೆ, ಇವತ್ತು ಟ್ಯಾಂಕ್ ಕಾಣಿಸಲಿಲ್ಲ ಎನ್ನುವಳು. ಪಂಡಿತರು ಹೌದಾ ಎಂದು ಊಟಕ್ಕೆ ಕೂರುವರು. ಅದಕ್ಕಿಂತ ಹೆಚ್ಚು ಏನು ಹೇಳಬೇಕೆಂದು ಅವರಿಗೆ ಯಾವತ್ತೂ ಹೊಳೆದಿರಲಿಲ್ಲ.

ಎರಡು ಸರ್ಕಾರಗಳ ನಡುವೆ ಉಳಿದಿದ್ದ ಸಂಬಂಧ ಒಂದೇ. ನದಿಗೆ ಜಗಳ ಗೊತ್ತಿಲ್ಲದ್ದರಿಂದ ಅದು ಎರಡೂ ಕಡೆ ಉಕ್ಕುತ್ತಿತ್ತು. ಹಾಗಾಗಿ ಪ್ರತಿ ಸೋಮವಾರ ಬೆಳಿಗ್ಗೆ ಎರಡು ದೋಣಿಗಳು ನದಿಯ ಮಧ್ಯೆ ಸೇರಿ, ಮಾತಿಲ್ಲದೆ ಕತೆಯಿಲ್ಲದೆ, ನೀರಿನ ಮಟ್ಟ ಬರೆದ ಚೀಟಿಗಳನ್ನು ತಗಡಿನ ಡಬ್ಬಿಯಲ್ಲಿ ಬದಲಾಯಿಸಿಕೊಳ್ಳುತ್ತಿದ್ದವು. ‘ನೀರು ಹನ್ನೊಂದು ಅಡಿ. ಏರುವ ಲಕ್ಷಣವಿಲ್ಲ.’ ಇದನ್ನು ಅನುವಾದಿಸುವುದೇ ಪಂಡಿತರ ವಾರದ ಕೆಲಸ. ಅಷ್ಟಕ್ಕೂ ಅವರಿಗೆ ಧೈರ್ಯವಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಹಿಂದಿನ ಬೀದಿಯ ತಮ್ಮ ಮನೆಗೆ ಹೋದಾಗ ಚೀಟಿಯನ್ನು ಹೆಂಡತಿಯ ಮುಂದಿಡುವರು. ಆಕೆ ಕೈ ಒರೆಸಿಕೊಂಡು ಓದಿ ಅರ್ಥ ಹೇಳುವಳು. ಹದಿನೆಂಟು ವರ್ಷದಲ್ಲಿ ಆಕೆ ಒಮ್ಮೆಯೂ ತಪ್ಪು ಹೇಳಲಿಲ್ಲ. ಇಲಾಖೆಯಲ್ಲಿ ಒಮ್ಮೆಯೂ ಆಕೆಯ ಮಾತು ಬರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಬಂದ ಚೀಟಿಯ ಬೆನ್ನಿಗೆ, ಪೆನ್ಸಿಲಿನಲ್ಲಿ, ಸಹಿಯಿಲ್ಲದ ಒಂದು ಸಾಲು ಇತ್ತು. ‘ಸೇತುವೆ ತೆಗೆಯೋಣವೇ?’

ಪಂಡಿತರು ಅದನ್ನು ಎರಡು ಸಲ ಓದಿ, ಮೂರನೆಯ ಸಲ ಓದುವ ಮೊದಲು ಮೆಟ್ಟಿಲು ಹತ್ತಿ ಕಾರ್ಯದರ್ಶಿಗಳ ಕೋಣೆಗೆ ಹೋದರು. ಇಲಾಖೆಯ ಹಿರಿಯ ತಲೆಯಾದ ಕಾರ್ಯದರ್ಶಿಗಳು ತೆಳ್ಳಗಿನ, ಮೆಲುದನಿಯ ಮನುಷ್ಯ. ಓದಿದವರೇ ಎದ್ದು ಬಾಗಿಲು ಹಾಕಿ, ಕಿಟಕಿ ಹಾಕಿ, ಫ್ಯಾನನ್ನೂ ನಿಲ್ಲಿಸಿದರು. ಚೀಟಿಯ ಮೇಲೆ ‘ಅತಿ ಗೋಪ್ಯ’ ಎಂಬ ಮೊಹರು ಬಿತ್ತು. ಮೊಹರು ಅನೇಕ ವರ್ಷಗಳಿಂದ ಬಳಕೆಯಲ್ಲಿರದ ಕಾರಣ ‘ಅತಿ’ ಮೂಡಲಿಲ್ಲ. ಅದನ್ನು ಕೈಯಲ್ಲೇ ಬರೆದರು. ಅರ್ಧ ಗಂಟೆಯಲ್ಲಿ ಸೇನೆಯ ಕಡೆಯಿಂದ ಕರ್ನಲ್ ಬಂದರು. ಮೂವರ ಸಮಿತಿ ಸೇರಿತು. ಮೂರನೆಯವರು ಪಂಡಿತರೇ.

ತೊಡಕು ಇಷ್ಟೇ. ಬಾಗಿಲು ತೆಗೆ ಎಂದರೆ ತೆರೆಯುವುದು. ಮೊಳೆ ತೆಗೆ ಎಂದರೆ ಕೀಳುವುದು. ಸೇತುವೆ ಬಾಗಿಲೋ, ಮೊಳೆಯೋ? ಕಾರ್ಯದರ್ಶಿಗಳು ಬಾಗಿಲಿನ ಪಕ್ಷ: ಎದುರಿನವರು ಸ್ನೇಹಕ್ಕೆ ಕೈ ಚಾಚಿದ್ದಾರೆ, ಹದಿನೆಂಟು ವರ್ಷದ ಮೇಲೆ ಸೇತುವೆ ತೆರೆಯೋಣವೇ ಎಂದು ಗುಟ್ಟಾಗಿ ಕೇಳುತ್ತಿದ್ದಾರೆ. ಕರ್ನಲ್ ಮೊಳೆಯ ಪಕ್ಷ: ತುಕ್ಕು ಹಿಡಿದ ಸೇತುವೆಯನ್ನು ಕಿತ್ತು ಹಾಕಿ ಇದ್ದ ಒಂದು ದಾರಿಯನ್ನೂ ಇಲ್ಲವಾಗಿಸುವ ಹಂಚಿಕೆ. ಚೀಟಿಯ ಮೂಲೆಯಲ್ಲಿ ಒಂದು ಚಹಾದ ಕಲೆಯಿತ್ತು. ಕರ್ನಲ್ ಅದನ್ನು ಭೂತಗನ್ನಡಿಯಲ್ಲಿ ನೋಡಿ, ಇದು ನಮ್ಮ ಉತ್ತರದ ಕಾವಲುಠಾಣೆಯ ನಕ್ಷೆಯಂತಿದೆ ಎಂದರು. ಚಹಾ ಚೀಟಿ ತಂದ ನಮ್ಮ ದೋಣಿಯವನದೇ ಎಂದು ಆಮೇಲೆ ತಿಳಿಯಿತು, ಆದರೆ ಅಷ್ಟರಲ್ಲಿ ಉತ್ತರದ ಠಾಣೆಗೆ ಹನ್ನೆರಡು ಜನರನ್ನು ಹೆಚ್ಚುವರಿಯಾಗಿ ಕಳಿಸಿ ಆಗಿತ್ತು.

ಇಬ್ಬರೂ ಪಂಡಿತರ ಕಡೆ ತಿರುಗಿದರು. ಪಂಡಿತರು ಗಂಟಲು ಸರಿಮಾಡಿಕೊಂಡು, ಇಂಥ ಸೂಕ್ಷ್ಮ ಪ್ರಯೋಗಕ್ಕೆ ಹಳೆಯ ಆಕರಗಳನ್ನು ನೋಡದೆ ಹೇಳುವುದು ಅಪಾಯ ಎಂದರು. ಎಲ್ಲಿವೆ ಆಕರಗಳು ಎಂದು ಕರ್ನಲ್ ಕೇಳಿದರು. ಮನೆಯಲ್ಲಿ ಎಂದರು ಪಂಡಿತರು. ಅವರನ್ನು ಜೀಪಿನಲ್ಲಿ ಮನೆಗೆ ಕಳಿಸಲಾಯಿತು. ಆ ಜೀಪು ಬೀದಿಗೆ ಬಂದದ್ದನ್ನು ಎದುರು ಅಂಗಡಿಯ ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದವನು ನೋಡಿದ, ದಾರ ಕೈಯಲ್ಲೇ ಉಳಿಯಿತು.

ಗೋಪ್ಯದ ಚೀಟಿಯನ್ನು ತರುವಂತಿರಲಿಲ್ಲ. ಪಂಡಿತರು ಊಟಕ್ಕೆ ಕೂತು ಸುತ್ತು ಬಳಸಿ ಶುರು ಮಾಡಿದರು. ನಿಮ್ಮ ಕಡೆ ಪೆಟ್ಟಿಗೆ ತೆಗೆ ಅಂದರೆ ಏನರ್ಥ, ಡಬ್ಬಿ ತೆಗೆ ಅಂದರೆ ಏನರ್ಥ, ಕಿಟಕಿ ತೆಗೆ ಅಂದರೆ ಏನರ್ಥ ಎಂದು ಒಂದೊಂದೇ ಕೇಳುತ್ತಾ ಹೋದರು. ಮನೆಯೊಳಗಿನ ಸಾಮಾನೆಲ್ಲ ಮುಗಿದು ಬೀದಿಗೆ ಬರುವ ಹೊತ್ತಿಗೆ ಆಕೆ ಸೌಟನ್ನು ಕೆಳಗಿಟ್ಟಳು.

“ಸೇತುವೆ ವಿಷಯವಾ?” ಎಂದಳು.

ಪಂಡಿತರು ರಾಜ್ಯದ ಗುಟ್ಟನ್ನು ಕಾಪಾಡಲು ಅನ್ನದ ಕಡೆ ನೋಡಿದರು. ಅವರ ಮುಖದಲ್ಲಿ ಗುಟ್ಟು ನಿಲ್ಲುವುದು ಜರಡಿಯಲ್ಲಿ ನೀರು ನಿಂತ ಹಾಗೆ. ಆಕೆ ಸಾಲು ಹೇಳಿ ಎಂದಳು, ಅವರು ಹೇಳಿದರು.

“ನಮ್ಮ ಕಡೆ ಬಾಗಿಲಿಗೆ ‘ತೆರೆ’ ಅಂತಲೇ ಅನ್ನೋದು. ‘ತೆಗೆ’ ಅಂದ್ರೆ ಕಿತ್ತು ಹಾಕೋದು. ಸೇತುವೆ ಕಿತ್ತು ಹಾಕೋಣವಾ ಅಂತ ಕೇಳಿದಾರೆ.”

“ಬೇರೆ ಅರ್ಥ ಏನೂ ಬರೋದಿಲ್ವಾ?”

“ನಂಗೆ ಬೇಕಾದ ಅರ್ಥ ಬೇರೆ ಇದೆ. ನೀವು ಕೇಳಿದ್ದು ಅದರ ಅರ್ಥ ತಾನೇ?”

ಹೇಳಿ, ಮಧ್ಯಾಹ್ನ ಎರಡು ಗಂಟೆಗೇ, ಬಟ್ಟೆ ಇನ್ನೂ ಒಣಗದಿದ್ದರೂ, ಮಹಡಿ ಹತ್ತಿದಳು.

ಜೀಪು ಪಂಡಿತರನ್ನು ವಾಪಸು ತಂದಿತು. ದಾರಿಯುದ್ದಕ್ಕೂ ಅವರು ‘ಕಿತ್ತು ಹಾಕುವುದು, ಕಿತ್ತು ಹಾಕುವುದು’ ಎಂದು ಮರೆಯದಂತೆ ಬಾಯಿಪಾಠ ಮಾಡಿದರು. ಸಮಿತಿ ಕಾದು ಕುಳಿತಿತ್ತು. ಆಕರಗಳು ಏನು ಹೇಳುತ್ತವೆ ಎಂದು ಕಾರ್ಯದರ್ಶಿಗಳು ಕೇಳಿದರು. ಪಂಡಿತರು ಬಾಯಿ ತೆರೆದರು. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಅವರು ಹೆಂಡತಿ ಹೇಳಿದ್ದನ್ನು ಬಿಟ್ಟು ಬೇರೆ ಹೇಳಿದರು.

“ತೆರೆಯುವುದು” ಎಂದರು. “ಸಂಶಯವೇ ಇಲ್ಲ.”

ಕಾರ್ಯದರ್ಶಿಗಳ ಕಣ್ಣಲ್ಲಿ ನೀರು ಬಂತು. ಕರ್ನಲ್ ತಮ್ಮ ಭಿನ್ನಾಭಿಪ್ರಾಯವನ್ನು ದಾಖಲಿಸಿ, ಚಹಾ ಕುಡಿದರು.

ಉತ್ತರ ಬರೆಯಲು ಸಮಿತಿ ಮೂರು ದಿನ ಕೂತಿತು. ಮೊದಲ ಕರಡು ಹದಿನಾಲ್ಕು ಪುಟ ಆಯಿತು. ನೀರಿನ ಚೀಟಿಯ ಬೆನ್ನಿಗೆ ಅಷ್ಟು ಹಿಡಿಯುವುದಿಲ್ಲವೆಂದು ದೋಣಿಯವರು ತಿಳಿಸಿದ ಮೇಲೆ, ಪಂಡಿತರು ಒಂದು ಸಲಹೆ ಕೊಟ್ಟರು: ಅವರ ಶಬ್ದವನ್ನೇ ಅವರಿಗೆ ವಾಪಸು ಕೊಟ್ಟರೆ ತಪ್ಪಾಗುವ ಪ್ರಶ್ನೆಯೇ ಇಲ್ಲ. ಕಾರ್ಯದರ್ಶಿಗಳು ಇದನ್ನು ರಾಜತಂತ್ರದ ಶಿಖರವೆಂದು ಹೊಗಳಿದರು. ಸೋಮವಾರ ಹೋದ ಚೀಟಿಯ ಬೆನ್ನಿಗೆ ‘ತೆಗೆಯೋಣ. ಯಾವಾಗ?’ ಎಂದಷ್ಟೇ ಇತ್ತು.

ಮುಂದಿನ ಸೋಮವಾರ ಉತ್ತರ ಬಂತು. ‘ಬರುವ ತಿಂಗಳ ಎರಡನೆಯ ಸೋಮವಾರ, ಹನ್ನೊಂದು ಗಂಟೆ. ಕತ್ತರಿಸುವ ಸಾಮಾನು ನೀವು ತರುತ್ತೀರೋ, ನಾವು ತರಬೇಕೋ?’

ಪಂಡಿತರು ಅದನ್ನು ಸಮಿತಿಯ ಮುಂದೆ ಓದಿ ಹೇಳಿದರು. ಇದಕ್ಕೆ ಆಕರ ನೋಡುವ ಅಗತ್ಯವಿರಲಿಲ್ಲ. ಆದರೆ ಅವರು ಬಾಯಿ ಬಿಡುವ ಮೊದಲೇ ಕಾರ್ಯದರ್ಶಿಗಳು ಮೇಜು ತಟ್ಟಿದ್ದರು: ಉದ್ಘಾಟನೆಯ ರಿಬ್ಬನ್. ಕತ್ತರಿ ಯಾರದು ಎಂದು ಕೇಳುತ್ತಿದ್ದಾರೆ, ಎಂಥ ನಯ, ಎಂಥ ಸಂಸ್ಕಾರ. ವಿಷಯ ಮಂತ್ರಿಗಳವರೆಗೆ ಹೋಯಿತು. ಶತ್ರುವಿನ ಕತ್ತರಿಯಿಂದ ರಿಬ್ಬನ್ ಕತ್ತರಿಸುವುದು ದೇಶಕ್ಕೆ ಅವಮಾನ, ನಮ್ಮದರಿಂದ ಅವರು ಕತ್ತರಿಸಲು ಒಪ್ಪುವುದಿಲ್ಲ ಎಂದು ಮಂತ್ರಿಗಳು ತೀರ್ಮಾನಿಸಿ, ‘ನಮ್ಮದು ನಾವು ತರುತ್ತೇವೆ, ನಿಮ್ಮದು ನೀವು ತನ್ನಿ’ ಎಂದು ಬರೆಸಿದರು. ಬೆಳ್ಳಿಯ ಕತ್ತರಿಗೆ ಆರ್ಡರ್ ಹೋಯಿತು. ಅದರ ಮುಂದಿನ ವಾರ ಬಂದದ್ದು: ‘ಸರಿ. ಆ ದಿನ ಸೇತುವೆಯ ಕೆಳಗೆ ದೋಣಿಗಳು ಬಾರದಂತೆ ನೋಡಿಕೊಳ್ಳಿ.’ ಗಣ್ಯರ ಸುರಕ್ಷತೆಯ ಬಗ್ಗೆ ಎದುರಾಳಿಗಿರುವ ಕಾಳಜಿ ಕಂಡು ಕರ್ನಲ್‌ರೂ ಮೆದುವಾದರು. ಸೈನಿಕನ ಕಷ್ಟ ಸೈನಿಕನಿಗೇ ಗೊತ್ತು ಎಂದರು.

ಇಷ್ಟೆಲ್ಲ ಆಗುವಾಗ ಪಂಡಿತರಿಗೆ ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಅವರು ಹೆಂಡತಿ ಹೇಳಿದ ಅರ್ಥವನ್ನೇ ಒಪ್ಪಿಸಿದ್ದೇನೆ ಎಂದು ಹೇಳಿಬಿಟ್ಟಿದ್ದರು. ಹೀಗಾಗಿ ಆಕೆಯ ಲೆಕ್ಕದಲ್ಲಿ ಸೇತುವೆ ಇನ್ನು ಕೆಲವೇ ದಿನದ್ದು. ಆಕೆ ಬೆಳಿಗ್ಗೆ ಬೇಗ ಕೆಲಸ ಮುಗಿಸಿ ನದಿಯ ಕಡೆ ನಡೆದು ಹೋಗಿ, ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತು ಬರತೊಡಗಿದಳು. ಏನು ನೋಡಿದೆ ಎಂದು ಪಂಡಿತರು ಒಮ್ಮೆ ಕೇಳಿದರು. ನಾಲ್ಕನೇ ಕಂಬದ ಹತ್ತಿರ ನನ್ನ ತಂಗಿ ಹಲ್ಲು ಮುರಿದುಕೊಂಡಿದ್ದಳು, ಅದನ್ನು ನೋಡಿದೆ ಎಂದಳು. ಪಂಡಿತರು ಸತ್ಯ ಹೇಳಲು ಬಾಯಿ ತೆರೆದರು. ಸತ್ಯ ಎಂದರೆ ಯಾವುದು? ಈಚೆಯವರು ತೆರೆಯಲು ಹೊರಟಿದ್ದಾರೆ ಎಂಬುದೇ, ಆಚೆಯವರು ಕೆಡವಲು ಹೊರಟಿದ್ದಾರೆ ಎಂಬುದೇ? ಅವರು ಬಾಯಿ ಮುಚ್ಚಿಕೊಂಡರು.

ಗುಟ್ಟು ಅತಿ ಗೋಪ್ಯವಾಗಿದ್ದುದರಿಂದ ವಾರದೊಳಗೆ ಊರಿಗೆಲ್ಲ ತಿಳಿಯಿತು. ಗೇಟಿಗೆ ಬಣ್ಣ ಹೊಡೆಯಲು ಕರೆಸಿದವರಿಗೆ ಯಾಕೆಂದು ಹೇಳಿರಲಿಲ್ಲ, ಆದರೆ ಹಸಿರು ಬಣ್ಣವೇ ಇರಲಿ ಎಂದಿದ್ದರು. ಬ್ಯಾಂಡಿನವರಿಗೆ ಸಂದರ್ಭ ಹೇಳಿರಲಿಲ್ಲ, ಸಂತೋಷದ ರಾಗ ಅಭ್ಯಾಸ ಮಾಡಿ ಎಂದಿದ್ದರು. ದರ್ಜಿಗೆ ಹದಿನೆಂಟು ಗಜ ಕೆಂಪು ರಿಬ್ಬನ್ ಹೊಲಿಯುವ ಕೆಲಸ ಬಂದಿತ್ತು. ಅವನ ಸೋದರತ್ತೆಯ ಮನೆ ಆಚೆ ದಡದಲ್ಲಿ. ಬೀದಿಯಲ್ಲಿ ಪಂಡಿತರು ಕಂಡರೆ ಸಾಕು, ಹತ್ತಿರ ಬಂದು, ನೀವು ನಂಗೆ ಏನೂ ಹೇಳಬೇಡಿ ಪಂಡಿತರೇ, ಸರ್ಕಾರಿ ಗುಟ್ಟು, ಎನ್ನುವನು. ಏನೂ ಹೇಳದೆ ಅವರು ಮುಂದೆ ಹೋದರೆ, ಹೇಳಲಿಲ್ಲ ಎಂದ ಮೇಲೆ ಖಂಡಿತ ಎಂದು ಬೀದಿಗೆಲ್ಲ ಸಾರುವನು. ಬೀದಿಯಲ್ಲಿ ಒಂದೊಂದು ಮನೆಯಲ್ಲೂ ಹಳೆ ಪೆಟ್ಟಿಗೆಗಳು ಹೊರಗೆ ಬಂದವು. ಎದುರು ದಡದ ಯಾರಿಗೋ ಎಂದೋ ತೆಗೆದಿಟ್ಟಿದ್ದ ಶಾಲು, ಸಣ್ಣ ಮಗುವಿಗೆಂದು ಹೆಣೆದ ಸ್ವೆಟರು. ಆ ಮಗುವಿಗೆ ಈಗ ಮೀಸೆ ಬಂದಿರುತ್ತದೆ ಎಂದು ಗೊತ್ತಿದ್ದರೂ ಬಿಸಿಲಿಗೆ ಹಾಕಿ ಮಡಿಸಿಟ್ಟರು.

ಒಂದು ಮಧ್ಯಾಹ್ನ ಹೆಂಡತಿ ಊಟ ಬಡಿಸುತ್ತಾ ಕೇಳಿದಳು.

“ರೀ, ಕೆಡವೋ ಸೇತುವೆಗೆ ರಿಬ್ಬನ್ ಯಾಕೆ?”

ಪಂಡಿತರು ತುತ್ತನ್ನು ತಟ್ಟೆಗೆ ಇಟ್ಟು ಎಲ್ಲವನ್ನೂ ಹೇಳಿದರು. ತಾವು ಸುಳ್ಳು ಅರ್ಥ ಹೇಳಿದ್ದು, ಕತ್ತರಿ, ದೋಣಿ, ಬೆಳ್ಳಿ, ಎಲ್ಲ. ಆ ದಿನ ನಮ್ಮ ಮಂತ್ರಿ ಒಂದು ಕತ್ತರಿ ಹಿಡಿದು ಹೋಗುತ್ತಾರೆ, ಅವರು ಯಾವ ಕತ್ತರಿ ತರುತ್ತಾರೋ ದೇವರೇ ಬಲ್ಲ. ನನ್ನ ಕೆಲಸ ಹೋಗುತ್ತೆ, ಜೈಲೂ ಆಗಬಹುದು ಎಂದರು. ಆಕೆ ಬೈಯುವಳೆಂದು ಕಾದರು. ಬೈಗುಳ ಬರಲಿಲ್ಲ.

“ಕೆಡವೋದಾದರೂ ಗೇಟು ತೆಗೀಲೇಬೇಕಲ್ಲ” ಎಂದಳು. ಈಚೆ ದಡದ ಅರ್ಥದಲ್ಲೇ ಹೇಳಿದಳು. ಆಮೇಲೆ ಒಳಗೆ ಹೋಗಿ ಅಟ್ಟದಿಂದ ಒಂದು ಬಟ್ಟೆಯ ಚೀಲ ಇಳಿಸಿ, ಧೂಳು ಕೊಡವಿದಳು.

ಎರಡನೆಯ ಸೋಮವಾರ ಬಂತು. ಬೆಳಗಿನಿಂದಲೇ ಗೇಟಿನ ಮುಂದೆ ಜನ. ಪೊಲೀಸರು ಹಗ್ಗ ಕಟ್ಟಿದ್ದರು, ಆದರೆ ಹಗ್ಗ ಹಿಡಿದಿದ್ದ ಪೊಲೀಸಿನವನ ಕೈಯಲ್ಲೂ ಒಂದು ಪೊಟ್ಟಣವಿತ್ತು. ಮಂತ್ರಿಗಳು ಬೆಳ್ಳಿಯ ಕತ್ತರಿಯನ್ನು ಮಖಮಲ್ಲಿನ ದಿಂಬಿನ ಮೇಲೆ ಇರಿಸಿಕೊಂಡು ಬಂದರು. ಹಿಂದೆ ಕಾರ್ಯದರ್ಶಿಗಳು, ಕರ್ನಲ್, ಅವರ ಹಿಂದೆ ಬೆವರುತ್ತಿದ್ದ ಪಂಡಿತರು. ಹನ್ನೊಂದು ಗಂಟೆಗೆ ಗೇಟಿನ ಬೀಗ ತೆಗೆಯಲು ಹೋದರೆ ಕೀಲಿ ತಿರುಗಲಿಲ್ಲ. ಹದಿನೆಂಟು ವರ್ಷದ ತುಕ್ಕು. ಕರ್ನಲ್ ಬೂಟಿನಿಂದ ಎರಡು ಸಲ ಒದ್ದ ಮೇಲೆ ಅದು ಇಡೀ ಊರಿಗೆ ಕೇಳುವಂತೆ ಕಿರ್ರೆಂದಿತು. ಅದೇ ಹೊತ್ತಿಗೆ ಎದುರು ತುದಿಯ ಗೇಟೂ ಕಿರ್ರೆಂದಿತು. ಸಂತೋಷದ ರಾಗವನ್ನು ಗೇಟು ತೆರೆದಾಗ ಬಾರಿಸಬೇಕೆಂದು ಅಪ್ಪಣೆಯಾಗಿದ್ದ ಬ್ಯಾಂಡಿನವರು ಬಾರಿಸಿದರು.

ಮಂತ್ರಿಗಳು ಸೇತುವೆಯ ನಡುವಿನವರೆಗೆ ನಡೆದರು. ರಿಬ್ಬನ್ ಎಳೆದು ಹಿಡಿದರು. ಎದುರಿನಿಂದ ಅವರ ನಿಯೋಗ ಬರುತ್ತಿತ್ತು. ಮೊದಲು ತಲೆಗೆ ಹೆಲ್ಮೆಟ್ ಹಾಕಿದ ಅವರ ಮಂತ್ರಿ. ಹಿಂದೆ ನಾಲ್ಕು ಜನ ಎಂಜಿನಿಯರುಗಳು. ಅವರ ಹಿಂದೆ ತಳ್ಳುಗಾಡಿಯಲ್ಲಿ ಎರಡು ಗ್ಯಾಸ್ ಸಿಲಿಂಡರು, ರಬ್ಬರ್ ಪೈಪು, ಕಪ್ಪು ಕನ್ನಡಕ ಹಾಕಿಕೊಂಡ ಇಬ್ಬರು ವೆಲ್ಡರುಗಳು.

ನಮ್ಮ ಮಂತ್ರಿಗಳು ದಿಂಬಿನ ಮೇಲಿದ್ದ ಕತ್ತರಿಯನ್ನೂ ತಳ್ಳುಗಾಡಿಯನ್ನೂ ನೋಡಿ, ಪಂಡಿತರನ್ನು ಕರೆದು, ಅದೇನು ಎಂದು ಕೇಳಿದರು. ಪಂಡಿತರು ತಮ್ಮ ಸೇವಾವಧಿಯಲ್ಲೇ ಅತ್ಯಂತ ನಿಖರವಾದ ಅನುವಾದವನ್ನು ಮಾಡಿದರು.

“ಅದು ಅವರ ಕಡೆಯ ಕತ್ತರಿ.”

ಎರಡು ಸರ್ಕಾರಗಳೂ ಹತ್ತು ಹೆಜ್ಜೆ ಅಂತರದಲ್ಲಿ ನಿಂತವು. ಆಗ ಹಿಂದಿನಿಂದ ಹಗ್ಗ ಹರಿದ ಸದ್ದಾಯಿತು. ಯಾರು ಮೊದಲು ನುಗ್ಗಿದರೋ ತನಿಖೆಯಲ್ಲಿ ಪತ್ತೆಯಾಗಲಿಲ್ಲ. ಈಚೆಯ ಗೇಟಿನಿಂದ ಜನ ಬಂದರು, ಆಚೆಯ ಗೇಟಿನಿಂದ ಜನ ಬಂದರು, ರಿಬ್ಬನ್ನನ್ನು ಯಾರೂ ಕತ್ತರಿಸದೆಯೇ ಅದು ಯಾರದೋ ಎದೆಗೆ ಸಿಕ್ಕಿ ಹರಿದು ಹೋಯಿತು. ನಿಮಿಷದಲ್ಲಿ ಸೇತುವೆ ತುಂಬಿತು. ಗುರುತು ಸಿಕ್ಕವರು ತಬ್ಬಿಕೊಂಡರು. ಸಿಗದವರು ಹೆಸರು ಕೂಗುತ್ತಾ, ಎದುರು ಬಂದ ಮುಖವನ್ನೆಲ್ಲ ಹಿಡಿದು ಹಿಡಿದು ನೋಡಿದರು. ದರ್ಜಿ ಯಾರೋ ಒಬ್ಬ ಮುದುಕಿಯನ್ನು ಸೋದರತ್ತೆಯೆಂದು ಅಪ್ಪಿಕೊಂಡು ಅತ್ತ. ಐದು ನಿಮಿಷದ ಮೇಲೆ ಆಕೆ ಬೇರೆಯವಳೆಂದು ತಿಳಿಯಿತು, ಆದರೂ ಇಬ್ಬರೂ ಬಿಡಲಿಲ್ಲ. ವೆಲ್ಡರುಗಳಲ್ಲಿ ಒಬ್ಬ ಕನ್ನಡಕ ತೆಗೆದು ತಳ್ಳುಗಾಡಿಯ ಮೇಲೆ ನಿಂತು, ಗುಂಪಿನಲ್ಲಿ ಯಾರನ್ನೋ ಹುಡುಕತೊಡಗಿದ.

ಈ ಗದ್ದಲದ ನಡುವೆ ಇಬ್ಬರು ಮಂತ್ರಿಗಳೂ ಕೋಪದಿಂದ ಕೆಂಪಾಗಿ ಪರಸ್ಪರ ಬೈಯುತ್ತಿದ್ದರು. ಅರ್ಥವಾದರೂ ಅರ್ಥವಾಗಬಾರದೆಂಬುದು ಎರಡೂ ಕಡೆಯ ಕಾನೂನಾದ್ದರಿಂದ ಅನುವಾದಕರು ಬೇಕಾದರು. ಆಚೆಯ ಅನುವಾದಕ ಒಬ್ಬ ಗಿಡ್ಡ ಮುದುಕ, ಅಂಗಿಯ ಜೇಬಿನಲ್ಲಿ ಪೆನ್ಸಿಲು. ಪಂಡಿತರು ಅವನ ಕಿವಿಯ ಹತ್ತಿರ ಬಾಗಿ, ನೀವು ಬರೆದ ಶಬ್ದದ ಅರ್ಥ ನಿಜಕ್ಕೂ ಏನು ಎಂದು ಕೇಳಿದರು.

ಮುದುಕ ತಮ್ಮ ಮಂತ್ರಿಯ ಕಡೆ ಒಮ್ಮೆ ನೋಡಿದ. “ಸಾಹೇಬರು ಹೇಳಿ ಬರೆಸಿದ್ದು ‘ಕೆಡವೋಣವೇ’ ಅಂತ. ಕೆಡವು ಅಂತ ಬರೆಯೋಕೆ ಕೈ ಬರಲಿಲ್ಲ, ನಿಮ್ಮ ಕಡೆ ತೆರೆಯೋದು ಅಂತಲೂ ಆಗೋ ಶಬ್ದ ಹಾಕಿದೆ. ನನ್ನ ಮಗಳನ್ನ ನಿಮ್ಮ ಕಡೆ ಕೊಟ್ಟಿದೀನಿ.”

ಆಮೇಲೆ ಇಬ್ಬರೂ ಕೂಡಿ ರಾಜತಂತ್ರ ನಡೆಸಿದರು. ನಮ್ಮ ಮಂತ್ರಿ ನಿಮಗೆ ಮಾನ ಮರ್ಯಾದೆ ಇಲ್ಲ ಎಂದರೆ, ಜನ ಹೆಚ್ಚಾಗಿರುವುದರಿಂದ ಇಂದು ಕಾರ್ಯಕ್ರಮ ಕಷ್ಟ ಎಂದು ಮುದುಕ ತಿಳಿಸಿದ. ಅವರ ಮಂತ್ರಿ ನಿಮ್ಮ ಮುಖ ಮತ್ತೆ ನೋಡಬಾರದು ಎಂದರೆ, ಆರು ವಾರ ಬಿಟ್ಟು ಇದೇ ಜಾಗದಲ್ಲಿ ಸೇರೋಣವೆನ್ನುತ್ತಾರೆ ಎಂದು ಪಂಡಿತರು ತಿಳಿಸಿದರು. ಕೊನೆಗೆ ಒಂದು ಜಂಟಿ ಹೇಳಿಕೆ ತಯಾರಾಯಿತು. ‘ಸೇತುವೆಯನ್ನು ತೆಗೆಯಲು ಉಭಯ ಸರ್ಕಾರಗಳೂ ಒಪ್ಪಿವೆ. ಆರು ವಾರಗಳ ನಂತರ ಮತ್ತೆ ಸೇರಲಾಗುವುದು. ಇಂದು ನಾಲ್ಕು ಗಂಟೆಗೆ ಗೇಟು ಮುಚ್ಚಲಾಗುವುದು.’ ಇಬ್ಬರು ಮಂತ್ರಿಗಳೂ ಓದಿ, ತಾವು ಗೆದ್ದೆವೆಂದು ತಿಳಿದು ಸಹಿ ಹಾಕಿದರು. ಅದೇ ವಾಕ್ಯ ಎರಡೂ ಕಡೆಯ ಪತ್ರಿಕೆಗಳಲ್ಲಿ ಒಂದಕ್ಷರ ವ್ಯತ್ಯಾಸವಿಲ್ಲದೆ ಅಚ್ಚಾಗಿ, ಎರಡೂ ಕಡೆ ಬೇರೆ ಬೇರೆ ಕಾರಣಕ್ಕೆ ಪಟಾಕಿ ಹೊಡೆದರಂತೆ. ಪಂಡಿತರ ಕೆಲಸ ಉಳಿಯಿತು. ಅವರಿಗೊಂದು ಪ್ರಶಂಸಾ ಪತ್ರವೂ ಬಂತು.

ಆದರೆ ಅದು ಆಮೇಲಿನ ಮಾತು. ಸಹಿ ಮುಗಿಯುವ ಹೊತ್ತಿಗೆ ಪಂಡಿತರ ತೋಳನ್ನು ಯಾರೋ ಹಿಡಿದರು. ಹೆಂಡತಿ. ಪಕ್ಕದಲ್ಲಿ ಆಕೆಯ ತಂಗಿ ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು, ಮುಂದಿನ ಹಲ್ಲಿನ ಮೂಲೆ ಮುರಿದೇ ಇತ್ತು. ಇಬ್ಬರೂ ಅತ್ತು ಮುಗಿಸಿದ್ದರು. ಅಮ್ಮ ಬರಲಿಲ್ಲ, ಅವರಿಗೆ ಎರಡು ವರ್ಷದಿಂದ ಹಾಸಿಗೆಯಿಂದ ಏಳಲು ಆಗುತ್ತಿಲ್ಲ, ಆದರೂ ಇವತ್ತು ಬೆಳಿಗ್ಗೆ ತಲೆ ಬಾಚಿಸಿಕೊಂಡು ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಾರೆ ಎಂದು ತಂಗಿ ಹೇಳಿದಳು. ಆಗ ಗಡಿಯಾರದಲ್ಲಿ ಮೂರು ದಾಟಿ ಹತ್ತು ನಿಮಿಷವಾಗಿತ್ತು.

“ನಾಲ್ಕು ಗಂಟೆಯೊಳಗೆ ಬರ್ತೀನಿ” ಎಂದಳು ಹೆಂಡತಿ. ಬಟ್ಟೆಯ ಚೀಲ ಹೆಗಲಲ್ಲಿತ್ತು. ಒಂದು ಗಂಟೆಯ ಮಟ್ಟಿಗೆ ಹೋಗಿ ಬರುವವರ ಚೀಲಕ್ಕಿಂತ ಅದು ದೊಡ್ಡದಿತ್ತು.

ಪಂಡಿತರು ಆಕೆಯ ಮುಖ ನೋಡಿದರು. ಇಪ್ಪತ್ತು ನಿಮಿಷ ಹೋಗಲು, ಇಪ್ಪತ್ತು ನಿಮಿಷ ಬರಲು, ಉಳಿಯುವುದು ಹತ್ತು ನಿಮಿಷ. ಈ ಒಂದು ವಾಕ್ಯದ ಅರ್ಥಕ್ಕೆ ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ.

“ನಿಧಾನವಾಗಿ ಬಾ” ಎಂದರು.

ಆಕೆ ಒಂದು ಕ್ಷಣ ನಿಂತಳು. ಅವರ ಅಂಗಿಯ ಕಾಲರು ಸರಿಮಾಡಿದಳು. ಆಮೇಲೆ ತಂಗಿಯ ಕೈ ಹಿಡಿದು ಬೇಗ ಬೇಗ ನಡೆದಳು, ಗುಂಪಿನಲ್ಲಿ ಚೀಲ ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಅದೂ ಇಲ್ಲ.

ನಾಲ್ಕಕ್ಕೆ ಸೀಟಿ ಊದಿದರು. ಜನ ಹಿಂದೆ ನೋಡಿ ನೋಡಿ, ಒಂದು ಹೆಜ್ಜೆಗೆ ಎರಡು ಸಲ ನಿಂತು, ತಮ್ಮ ತಮ್ಮ ದಡಕ್ಕೆ ಬಂದರು. ಗೇಟಿನ ಕಾವಲಿನವನು ಬೀಗ ಹಿಡಿದು, ನಮ್ಮವರು ಯಾರಾದರೂ ಆ ಕಡೆ ಉಳಿದಿದ್ದಾರಾ, ಇದ್ದರೆ ಈಗಲೇ ಹೇಳಿ, ಸಿಪಾಯಿಗಳನ್ನು ಕಳಿಸಿ ಕರೆಸುತ್ತೇವೆ ಎಂದು ಕೂಗಿದ. ಕಾವಲಿನವನು ಸರ್ಕಾರಿ ಮನುಷ್ಯರೆಂದು ಪಂಡಿತರನ್ನೇ ನೇರವಾಗಿ ಕೇಳಿದ.

“ಯಾರೂ ಇಲ್ಲ” ಎಂದರು ಪಂಡಿತರು.

ಬೀಗ ಬಿತ್ತು.

ಅವರು ಬೀದಿಗೆ ಬರುವಾಗ ಬಿಸಿಲು ಇಳಿದಿತ್ತು. ದರ್ಜಿ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತು ಊದಿದ ಕಣ್ಣು ಒರೆಸಿಕೊಳ್ಳುತ್ತಿದ್ದ. ಪಂಡಿತರು ಒಬ್ಬರೇ ಬರುವುದನ್ನು ಕಂಡು, ಮನೆಯವರು ಎಲ್ಲಿ ಎಂದು ಕೇಳಿದ.

“ತವರಿಗೆ ಹೋಗಿದಾಳೆ.”

ಆ ಬೀದಿಯ ಎಲ್ಲ ಗಂಡಂದಿರೂ ವರ್ಷಕ್ಕೆರಡು ಸಲವಾದರೂ ಹೇಳುವ ಮಾತು. ಕೆಲವರು ಊಟದ ಕಷ್ಟಕ್ಕೆ ಮುಖ ಹುಳ್ಳಗೆ ಮಾಡಿ ಹೇಳುವರು, ಕೆಲವರು ಒಳಗೊಳಗೇ ಖುಷಿಪಟ್ಟು ಹೇಳುವರು. ಹದಿನೆಂಟು ವರ್ಷ ಪಂಡಿತರು ಅದನ್ನು ಕೇಳಿದ್ದರೇ ಹೊರತು ಹೇಳಿರಲಿಲ್ಲ. ಈಗ ಹೇಳಿ, ಬೇರೆಯವರ ಹಾಗೇ ಅಂಗಡಿಯ ಕಟ್ಟೆಗೆ ಒರಗಿ ನಿಂತರು.

ದರ್ಜಿ ಒಂದು ಗಳಿಗೆ ಅವರನ್ನೇ ನೋಡಿದ. ಆಮೇಲೆ, ಇಂಥ ಮಾತಿಗೆ ಬೀದಿಯಲ್ಲಿ ವಾಡಿಕೆಯಾಗಿ ಕೇಳುವುದನ್ನೇ ಕೇಳಿದ: ಬರೋದು ಯಾವಾಗ?

“ಆರು ವಾರ ಅಂತ ಇದೆ. ಸರ್ಕಾರದ್ದಲ್ವಾ, ಎಂಟಾಗಬಹುದು.”

“ಊಟಕ್ಕೆ?”

“ಏನೋ ಮಾಡ್ಕೋಬೇಕು. ಏನ್ ಮಾಡೋದು ಹೇಳು,” ಎಂದು ಪಂಡಿತರು ಗಂಡಂದಿರು ಗೊಣಗುವ ರೀತಿಯಲ್ಲಿ ಶುರು ಮಾಡಿದರು, “ಈ ಹೆಂಗಸರಿಗೆ ತವರು ಅಂದ್ರೆ…”

ಅಲ್ಲಿಗೆ ಅವರ ದನಿ ನಿಂತಿತು. ಮುಂದಿನ ಮಾತು ಅವರಿಗೆ ಗೊತ್ತಿತ್ತು, ಬೀದಿಗೆಲ್ಲ ಗೊತ್ತಿತ್ತು. ದರ್ಜಿ ತಾನು ಕೂತಿದ್ದ ಸ್ಟೂಲನ್ನು ಅವರ ಕಡೆ ಸರಿಸಿ, ಉಳಿದರ್ಧವನ್ನು ಅವರ ಪರವಾಗಿ ಹೇಳಿದ.

“ಕಾಲು ನೆಲದ ಮೇಲೆ ನಿಲ್ಲಲ್ಲ.”

“ಹೌದು” ಎಂದು ಪಂಡಿತರು ಕೂತರು. “ನಿಲ್ಲಲ್ಲ.”